ಮಗ ಗಡಿಯಲ್ಲಿದ್ದಾಗ ಕೊಳೆಮದ್ದು: ಕಾರ್ಬನ್ ದೋಟಿ ಎಷ್ಟು ಆಧಾರ?

ಕಾರ್ಗಿಲ್ ಯುದ್ಧ ನಡೆದದ್ದು 1999ರ ಮೇ ತಿಂಗಳಿಂದ ಜುಲೈ 26ರವರೆಗೆ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ತೋಟ ಇದ್ದವರಿಗೆ ಆ ನಡುವೆ ಏನು ಬರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ: ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲಿನ ಮದ್ದು, ಅದಾಗಿ 40-45 ದಿನಕ್ಕೆ ಎರಡನೇ ಮದ್ದು. 1971ರದ್ದು ಡಿಸೆಂಬರ್ 3ರಿಂದ 16, ಕೊನೆಕೊಯ್ಲಿನ (ಕೊನೆ ಅಂದರೆ ಅಡಿಕೆಯ ಗೊನೆ) ಹೊತ್ತು. 2025ರ ಮೇ 7ಕ್ಕೆ ಆಪರೇಷನ್ ಸಿಂಧೂರ ಶುರುವಾಗಿ ರಜೆಯಲ್ಲಿದ್ದವರಿಗೆ ಕರೆ ಬಂದದ್ದೂ ಮನೆಗೆ ಮದ್ದಿನ ಮೈಲುತುತ್ತ (ತಾಮ್ರದ ಸಲ್ಫೇಟ್) ತರುವ ದಿನಗಳಲ್ಲೇ. ಸೈನಿಕನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ. ತೋಟದ ಮನೆಯ ಮಕ್ಕಳು ಅದನ್ನು ಮದ್ದಿಗಿಷ್ಟು, ಕೊಯ್ಲಿಗಿಷ್ಟು ಅಂತ ಹಂಚಿಟ್ಟುಕೊಂಡಿರುತ್ತಾರೆ. ಯುದ್ಧ ಬಂದರೆ ಆ ಲೆಕ್ಕ ಹೋಯಿತು. ಕಾರವಾರದ ನೌಕಾನೆಲೆಯಲ್ಲೇ ಇದ್ದವನೂ ಆಗ ಘಟ್ಟ ಹತ್ತಿ ಬರಲಾರ.

ಮನೆಯಲ್ಲಿ ಅರವತ್ತು ದಾಟಿದ ಅಪ್ಪ, ಅಮ್ಮ, ಒಬ್ಬಳು ಸೊಸೆ, ಇಷ್ಟೇ ಜನ ಅಂತಿಟ್ಟುಕೊಂಡು ಕಾರ್ಬನ್ ಫೈಬರ್ ದೋಟಿಯ ಬಗ್ಗೆ ಈ ಮಾತು. ದೋಟಿ ಅಂದರೆ ನೆಲದಲ್ಲಿ ನಿಂತೇ ಮರದ ತುದಿ ಮುಟ್ಟಿಸುವ ಉದ್ದ ಕೋಲು; ಇದು ಒಂದರೊಳಗೊಂದು ಸೇರುವ ಕೊಳವೆಗಳದ್ದು. ಮೊದಲೇ ಹೇಳಿಬಿಡುವುದು ಒಳ್ಳೆಯದು: ಪಳಗಿದ ಕೊನೆಗೌಡ (ಅಡಿಕೆ ಮರ ಹತ್ತುವ ಕೆಲಸದವ) ಮರದ ಮೇಲೆ ಕೂತು ಹೊಡೆದ ಮದ್ದಿಗೆ ದೋಟಿ ಮದ್ದು ಸಮ ಅಲ್ಲ. ಮುಕ್ಕಾಲು ಪಾಲು ಸಮ. ಆದರೆ ಕೊನೆಗೌಡ ಹತ್ತು ಮನೆಗೆ ಒಬ್ಬ. ಅವನ ಸರದಿ ಬರುವಷ್ಟರಲ್ಲಿ ಮಳೆ ಹಿಡಿದರೆ ಪೂರ್ತಿ ಫಸಲು ಬುಡದಲ್ಲಿ.

ಬೆಲೆ ಒಳ್ಳೆಯ ಕರಾವಿನ ಹಸುವಿನಷ್ಟು. ಸಹಾಯಧನ ಇದೆಯೋ ಅಂತ ತೋಟಗಾರಿಕೆ ಇಲಾಖೆಯಲ್ಲಿ ಕೇಳಿಯೇ ಕೊಳ್ಳಿ. ಉದ್ದದ ಆಸೆಗೆ ಬೀಳಬೇಡಿ. ತೋಟದ ಬಹುಪಾಲು ಮರ 50 ಅಡಿಯ ಒಳಗಿದ್ದರೆ 60 ಅಡಿಯ ದೋಟಿ ಸಾಕು. ನಾಲ್ಕು ಮುದಿಮರಕ್ಕಾಗಿ 80 ಅಡಿಯದು ತಂದರೆ ದಿನವಿಡೀ ಅದರ ತೂಗಾಟದ ಜೊತೆಗೇ ಗುದ್ದಾಟ. ಕೈ ಸೋಲಿಸುವುದು ಭಾರ ಅಲ್ಲ, ತುದಿಯ ಓಲಾಟ. ಗಾಳಿ ಎದ್ದಮೇಲೆ ಹೊಡೆಯುವುದು ಮದ್ದಿಗೂ ದಂಡ, ರಟ್ಟೆಗೂ ದಂಡ. ಬೆಳಿಗ್ಗೆ ಹತ್ತರೊಳಗೆ ಮುಗಿಸಿ.

ಭಾರದ ಲೆಕ್ಕದಲ್ಲಿ ಅಂಗಡಿಯವರು ಪೈಪನ್ನು ಮರೆಸಿಬಿಡುತ್ತಾರೆ. 8 ಮಿ.ಮೀ. ಒಳವ್ಯಾಸದ ಪೈಪಿನಲ್ಲಿ ಮೀಟರಿಗೆ 50 ಗ್ರಾಂ ಮದ್ದು ನಿಲ್ಲುತ್ತದೆ. 15 ಮೀಟರ್ ಮೇಲೆದ್ದರೆ ಮುಕ್ಕಾಲು ಕಿಲೊ. ಪೈಪಿನ ಸ್ವಂತ ಭಾರ ಬೇರೆ. ಅಷ್ಟೂ ತುದಿಗೇ ಜೋತುಬಿದ್ದರೆ ದೋಟಿ ಬಿಲ್ಲಾಗುತ್ತದೆ. ಅಲ್ಲಲ್ಲಿ ಸಡಿಲ ಬಳೆ ಹಾಕಿ ಪೈಪನ್ನು ದೋಟಿಗೆ ಹೊಂದಿಸಿಕೊಳ್ಳಿ. ಒಬ್ಬರು ದೋಟಿಗೆ, ಒಬ್ಬರು ಪೈಪು ಎಳೆಯಲು, ಒಬ್ಬರು ಪಂಪಿನ ಹತ್ತಿರ: ಮೂರು ಜನ ಬೇಕೇ ಬೇಕು. ಇಬ್ಬರಲ್ಲಿ ಆಗುತ್ತದೆ ಅನ್ನುವವರು ಗುಡ್ಡದ ತೋಟ ನೋಡಿಲ್ಲ.

ಬಿಚ್ಚುವಾಗ ತುದಿಯ ಸಣ್ಣ ಕೊಳವೆ ಮೊದಲು, ಬುಡದ್ದು ಕೊನೆಗೆ. ಮಡಚುವಾಗ ತಿರುಗಾಮುರುಗ. ಲಾಕ್ ಸಡಿಲಿಸಿ ಕೈಬಿಟ್ಟರೆ ಮೇಲಿನ ಕೊಳವೆಗಳು ಧಡಕ್ಕನೆ ಇಳಿದು ಬೆರಳು ಜಜ್ಜುತ್ತವೆ, ಬುಡದ ಬಿರಡೆ ಒಡೆಯುತ್ತದೆ. ಲಾಕ್ ಜಾರುತ್ತದೆ ಅನ್ನುವ ದೂರಿಗೆ ಹೆಚ್ಚಿನ ಸಲ ಕಾರಣ ಒಳಗೆ ಸೇರಿದ ಸುಣ್ಣದ ಪುಡಿ, ಮರಳು. ಪ್ರತಿ ಸಂಜೆ ಒದ್ದೆ ಬಟ್ಟೆಯಲ್ಲಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸಬೇಕು. ಅದು ಬಿಟ್ಟು ಲಾಕಿನ ಬೋಲ್ಟ್ ತಿರುಪಿ ತಿರುಪಿ ಬಿಗಿ ಮಾಡಿದರೆ ಕೊಳವೆ ಸೀಳುತ್ತದೆ. ಕಾರ್ಬನ್ ಉದ್ದಕ್ಕೆ ಗಟ್ಟಿ, ಅಡ್ಡಪೆಟ್ಟಿಗೆ ಮೊಟ್ಟೆಯ ಸಿಪ್ಪೆ. ಮರಕ್ಕೆ ಬಡಿದರೆ ಮುಗಿಯಿತು.

ಒಂದು ಮಾತು ಮನೆಯವರೆಲ್ಲರಿಗೂ ತಿಳಿದಿರಲಿ. ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ. ಬಿದಿರಿನ ದೋಟಿ ಹಿಡಿದು ರೂಢಿಯಾದ ಹಿರಿಯರಿಗೆ ಇದು ನೆನಪಾಗುವುದಿಲ್ಲ. ತೋಟದ ಮೇಲೆ ಲೈನ್ ಹಾದಿದ್ದರೆ ಆ ಸಾಲಿನ ಮರಗಳಿಗೆ ಈಗಲೇ ಕೆಂಪು ಬಟ್ಟೆ ಕಟ್ಟಿ. ಅಲ್ಲಿ ದೋಟಿ ಎತ್ತಲೇಬಾರದು, ನಿಲ್ಲಿಸಿಕೊಂಡು ನಡೆಯಲೂ ಬಾರದು.

ಮದ್ದು ಅದೇ ಬೋರ್ಡೋ, ಶೇ. 1ರದ್ದು: 50 ಲೀಟರ್ ನೀರಲ್ಲಿ 1 ಕಿಲೊ ಮೈಲುತುತ್ತ, ಇನ್ನೊಂದು 50 ಲೀಟರಲ್ಲಿ 1 ಕಿಲೊ ಸುಣ್ಣ. ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕಲಕಬೇಕು. ಉಜ್ಜಿದ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಕಟ್ಟಿದರೆ ಸುಣ್ಣ ಸಾಲದು. ದೋಟಿಗೆ ಸೋಸುವ ಕೆಲಸ ಎರಡು ಪಾಲು ಮುಖ್ಯ, ಯಾಕೆಂದರೆ ನಾಝಲ್ ಕಟ್ಟಿತು ಅಂದರೆ 50 ಅಡಿ ಇಳಿಸಿ, ಬಿಡಿಸಿ, ಮತ್ತೆ ಏರಿಸಬೇಕು. ಹಳೆ ಪಂಚೆಯನ್ನು ಎರಡು ಮಡಿಕೆ ಮಾಡಿ ಸೋಸಿ.

ಕೆಳಗಿನಿಂದ ಹೊಡೆದಾಗ ಅಡಿಕೆ ಕೊನೆಯ ಅಡಿಭಾಗ ಚೆನ್ನಾಗಿ ತೋಯುತ್ತದೆ, ಹಿಂಬದಿ ಒಣಗಿಯೇ ಉಳಿಯುತ್ತದೆ. ದೋಟಿ ಮದ್ದು ಸೋಲುವುದು ಇಲ್ಲೇ. ನಿಂತಲ್ಲಿಂದಲೇ ಪಕ್ಕದ ಮರಕ್ಕೆ ಹೊರಳುವ ಚಟ ಬಿಟ್ಟು ಪ್ರತಿ ಮರವನ್ನೂ ಎರಡು ಬದಿಯಿಂದ ನೋಡಬೇಕು. ಹನಿ ಎಲ್ಲ ಮುಖಕ್ಕೇ ಬೀಳುವುದರಿಂದ ಅಗಲ ಟೊಪ್ಪಿ, ಕನ್ನಡಕ ಕಡ್ಡಾಯ.

ಕೊಯ್ಲಿಗೂ ಆಗುತ್ತದೆ, ಕತ್ತಿಯ ತುದಿ ಬದಲಾಯಿಸಿದರೆ ಆಯಿತು. ಆದರೆ ಹಗ್ಗದಲ್ಲಿ ಜಾರಿ ಬರುವ ಕೊನೆಗೂ ಧೊಪ್ಪನೆ ಬೀಳುವ ಕೊನೆಗೂ ವ್ಯತ್ಯಾಸ ಇದೆ. ಬಲೆ ಹಿಡಿಯಲು ಇಬ್ಬರು ಇಲ್ಲದಿದ್ದರೆ ಉದುರು ಹೆಕ್ಕುವುದೇ ಅಮ್ಮನ ಸಂಜೆಯ ಕೆಲಸ.

ಕೊಳ್ಳುವುದಾದರೆ ಮಗ ರಜೆಗೆ ಬಂದಾಗಲೇ ಕೊಂಡು, ಗಿಡ್ಡ ಮರಗಳ ಮೇಲೆ ಒಂದು ವಾರ ಅಪ್ಪನ ಕೈಗೇ ಕೊಟ್ಟು ಪಳಗಿಸಿ. ಯಾವ ಕೊಳವೆ ಎಷ್ಟರವರೆಗೆ ಎಳೆಯಬೇಕು ಅಂತ ಬಣ್ಣದ ಗುರುತು ಹಾಕಿಸಿ. ಕನ್ನಡಕ ಮಸುಕಾದಾಗ ಅಂಗಡಿಯವರ ಸಣ್ಣ ಗೆರೆ ಕಾಣುವುದಿಲ್ಲ. ಲಾಕಿನ ಬೋಲ್ಟ್, ವಾಷರ್, ಎರಡು ನಾಝಲ್ ಹೆಚ್ಚಿಗೆ ತೆಗೆದಿಡಿ. ಗಡಿಯಿಂದ ಫೋನ್ ಸಿಕ್ಕಾಗ ಮಗ ಮೊದಲು ಕೇಳುವುದು "ಮದ್ದು ಹೊಡದಾತಾ?" ಅಂತಲೇ. ಆಗ ಫೋನಿನಲ್ಲಿ ಲಾಕ್ ರಿಪೇರಿ ಕಲಿಸಲು ಅವನಿಗೆ ಪುರುಸೊತ್ತು ಇರುವುದಿಲ್ಲ.

ಆನ್‌ಲೈನ್‌ನಲ್ಲಿ ತರಿಸುವವರು ಗಮನಿಸಿ: ಹಣ ಕಟ್ಟಿದ್ದು ಮಗನೇ ಆದರೂ ಆರ್ಡರಿಗೆ ಮನೆಯ ನಂಬರನ್ನೇ ಕೊಡಿ. ಮಗನ ನಂಬರ್ ಇದ್ದರೆ ಡೆಲಿವರಿಯ ಓಟಿಪಿ ಗಡಿಯಲ್ಲಿ ಸ್ವಿಚ್ ಆಫ್ ಆದ ಫೋನಿಗೆ ಹೋಗುತ್ತದೆ, ದೋಟಿ ಶಿರಸಿಯವರೆಗೆ ಬಂದು ವಾಪಸ್ ಹೋಗುತ್ತದೆ.