ಮೂರು ಜನವರಿ ಕಂಡ ಹ್ಯಾಬಿಟ್ ಟ್ರ್ಯಾಕರ್: ಟಿಕ್‌ಗಿಂತ ಖಾಲಿ ಚೌಕವೇ ಉಪಯೋಗಕ್ಕೆ ಬಂತು

2022ರ ಡಿಸೆಂಬರ್ 31ರ ರಾತ್ರಿ ದಿನದ ಅಭ್ಯಾಸಗಳ ಲೆಕ್ಕ ಇಡುವ ಈ ಆ್ಯಪ್ ಹಾಕಿಕೊಂಡೆ. ಹೊಸ ವರ್ಷದ ಹುಮ್ಮಸ್ಸು, ಕೇಳಬೇಕೆ? ಹತ್ತು ನಿಮಿಷದಲ್ಲಿ ಏಳು ಗುರಿ ತುಂಬಿಸಿದ್ದೆ. ಓದು, ವಾಕಿಂಗ್, ಬೇಗ ಮಲಗುವುದು, ದಿನದ ಖರ್ಚು ಬರೆದಿಡುವುದು, ಇತ್ಯಾದಿ. ಏಳಕ್ಕೂ ಬೇರೆ ಬೇರೆ ಬಣ್ಣ ಆರಿಸುವುದಕ್ಕೇ ಇನ್ನರ್ಧ ಗಂಟೆ ಹಿಡಿಯಿತು. ಫೆಬ್ರವರಿ ಮುಗಿಯುವಷ್ಟರಲ್ಲಿ ಎರಡು ಬಣ್ಣ ಉಳಿದವು. ಅಷ್ಟರಲ್ಲಾಗಲೇ ನಾನು ಆ್ಯಪ್‌ಗೆ ಐದು ಸ್ಟಾರ್ ಕೊಟ್ಟಾಗಿತ್ತು! ಮೂರು ವರ್ಷ ಬಳಸಿದ ಮೇಲೆ ಆ ರಿವ್ಯೂ ಅಳಿಸಿ ಇದನ್ನು ಬರೆಯುತ್ತಿದ್ದೇನೆ.

ಕೆಲಸ ಮಾಡುವ ರೀತಿ ಸರಳ. ಗುರಿಗೊಂದು ಸಾಲು, ದಿನಕ್ಕೊಂದು ಚೌಕ, ಮಾಡಿದರೆ ಟಿಕ್. ಸತತವಾಗಿ ಎಷ್ಟು ದಿನ ಮಾಡಿದ್ದೀರಿ ಅನ್ನುವ ಸ್ಟ್ರೀಕ್ ಮೇಲ್ಗಡೆ ದಪ್ಪ ಅಂಕಿಯಲ್ಲಿ ಕೂತಿರುತ್ತದೆ. ಇಂಟರ್‌ನೆಟ್ ಬೇಕಿಲ್ಲ, ಬ್ಯಾಟರಿ ತಿನ್ನುವುದಿಲ್ಲ, ಜಾಹೀರಾತಿನ ಕಾಟವಿಲ್ಲ. ಇಷ್ಟರಲ್ಲಿ ಯಾವುದಕ್ಕೂ ನನ್ನ ತಕರಾರಿಲ್ಲ.

ತಕರಾರು ಆ ದಪ್ಪ ಅಂಕಿಯದ್ದು. ಮೊದಲ ವರ್ಷ ಓದಿನ ಸ್ಟ್ರೀಕ್ 113ಕ್ಕೆ ಬಂದಿತ್ತು. ಅವತ್ತು ಜ್ವರ. ಸಂಜೆಯೇ ಮಾತ್ರೆ ನುಂಗಿ ಮಲಗಿದವನು ರಾತ್ರಿ ಹನ್ನೆರಡಕ್ಕೆ ಎಂಟು ನಿಮಿಷ ಇರುವಾಗ ಗಾಬರಿಯಿಂದ ಎದ್ದು, ಕತ್ತಲಲ್ಲಿ ಫೋನ್ ತಡಕಾಡಿ ಟಿಕ್ ಹಾಕಿದೆ. ಪುಸ್ತಕ ಮುಟ್ಟಿರಲಿಲ್ಲ. ನೀರು ಕುಡಿಯಲು ಎದ್ದಿದ್ದ ಮಗಳು ನೋಡಿ, "ಅಪ್ಪಾ, ಇದಕ್ಕೆ ಎದ್ದು ಕೂತ್ಯಾ?" ಅಂದಳು. 114 ಅಂತ ಪರದೆಯ ಮೇಲೆ ಪಟಾಕಿ ಹಾರಿತು. ಒಮ್ಮೆ ಸುಳ್ಳು ಟಿಕ್ ಹಾಕಿದವನಿಗೆ ಎರಡನೆಯದು ಕಷ್ಟವಾಗಲಿಲ್ಲ. ಆಮೇಲೆ ಎರಡೇ ವಾರದಲ್ಲಿ ಸ್ಟ್ರೀಕ್ ನಿಜಕ್ಕೂ ಮುರಿಯಿತು, ಅಂಕಿ ಸೊನ್ನೆಗೆ ಇಳಿಯಿತು, ನಾನು ಒಂದೂವರೆ ತಿಂಗಳು ಪುಸ್ತಕದ ತಂಟೆಗೇ ಹೋಗಲಿಲ್ಲ. ಒಂದು ದಿನ ತಪ್ಪಿದ್ದಕ್ಕೆ ನಲವತ್ತೈದು ದಿನದ ದಂಡ!

ಇನ್ನೊಂದು ಕಿರಿಕಿರಿ, 21ನೇ ದಿನ ಕೊಡುವ "ಅಭ್ಯಾಸ ರೂಢಿಯಾಯಿತು" ಎಂಬ ಬ್ಯಾಡ್ಜ್. ಈ 21ರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ಶಸ್ತ್ರಚಿಕಿತ್ಸೆ ಆದವರಿಗೆ ತಮ್ಮ ಹೊಸ ಮುಖ ಒಗ್ಗಲು ಕನಿಷ್ಠ 21 ದಿನ ಬೇಕಾಗುತ್ತದೆ ಅಂತ 1960ರಲ್ಲಿ ಅವರು ಬರೆದಿದ್ದರು. ಹೇಳುತ್ತಾ ಹೇಳುತ್ತಾ "ಕನಿಷ್ಠ" ಉದುರಿಹೋಯಿತು, ಮುಖ ಹೋಗಿ ವಾಕಿಂಗ್ ಬಂತು. ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದಾಗ, ಒಂದು ಕೆಲಸ ತಾನಾಗಿಯೇ ನಡೆಯುವಂತಾಗಲು ಸುಮಾರು 66 ದಿನ ಅಂತ ಲೆಕ್ಕ ಸಿಕ್ಕಿತು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನದವರೆಗೆ ಹರಡಿತ್ತು. ನನಗೆ ಮುಖ್ಯ ಅನಿಸಿದ್ದು ಅದೇ ಅಧ್ಯಯನದ ಮತ್ತೊಂದು ಮಾತು: ನಡುವೆ ಒಂದು ದಿನ ತಪ್ಪಿದರೆ ರೂಢಿಗೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳುವುದಿಲ್ಲ. ಅಂದರೆ ಸೊನ್ನೆಗೆ ಇಳಿದಿದ್ದು ಆ್ಯಪ್‌ನ ಅಂಕಿ ಮಾತ್ರ. ಆಗ ಗೊತ್ತಿರಲಿಲ್ಲ.

ಎರಡನೇ ವರ್ಷ ಸೆಟ್ಟಿಂಗ್ಸ್‌ನಲ್ಲಿ ಸ್ಟ್ರೀಕ್ ಮುಚ್ಚಿಟ್ಟೆ. ಅದೃಷ್ಟಕ್ಕೆ ಅದೊಂದು ಸ್ವಿಚ್ ಕೊಟ್ಟಿದ್ದಾರೆ, ಮೂರು ಮೆನು ಒಳಗೆ. ಆಮೇಲೆ ಕೈಗೆ ಸಿಕ್ಕಿದ್ದೇ ಟಿಪ್ಪಣಿ ಜಾಗ. ಖಾಲಿ ಚೌಕವನ್ನು ಒತ್ತಿ ಹಿಡಿದರೆ ಒಂದು ಸಾಲು ಬರೆಯಬಹುದು. ಇದನ್ನು ಅವರು ಎಲ್ಲೂ ಎತ್ತಿ ಹೇಳಿಲ್ಲ, ನನ್ನ ಪ್ರಕಾರ ಇಡೀ ಆ್ಯಪ್‌ನಲ್ಲಿ ದುಡ್ಡಿಗೆ ತಕ್ಕದ್ದು ಇದೊಂದೇ. ಮಾಡದ ದಿನ ಯಾಕೆ ಮಾಡಲಿಲ್ಲ ಅಂತ ನಾಲ್ಕು ಪದ ಗೀಚುತ್ತಾ ಹೋದೆ. ಜೂನ್‌ನಲ್ಲಿ ಕೂತು ಓದಿದರೆ, ವಾಕಿಂಗ್ ತಪ್ಪಿದ 38 ದಿನಗಳಲ್ಲಿ 26ಕ್ಕೆ ಒಂದೇ ಕಾರಣ: ಹಿಂದಿನ ರಾತ್ರಿ ತಡವಾಗಿ ಮಲಗಿದ್ದು. ಸೋಮಾರಿತನ ಅಂತ ನನ್ನನ್ನೇ ಬೈದುಕೊಳ್ಳುತ್ತಿದ್ದೆನಲ್ಲ, ರೋಗ ಬೇರೆಲ್ಲೋ ಇತ್ತು. ವಾಕಿಂಗನ್ನು ಸಂಜೆಗೆ ಹಾಕಿದೆ. ಮುಗಿಯಿತು.

ಹದಿನೆಂಟನೇ ಶತಮಾನದ ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರ್ಯಾಂಕ್ಲಿನ್ ಇಟ್ಟಿದ್ದ ಪುಟ್ಟ ಪುಸ್ತಕವೂ ಹೀಗೇ ಇತ್ತು, ಆದರೆ ತಿರುಗಾಮುರುಗಾ. 13 ಗುಣ, ಏಳು ದಿನಗಳ ಕೋಷ್ಟಕ, ತಪ್ಪಿದಲ್ಲಿ ಮಾತ್ರ ಒಂದು ಕಪ್ಪು ಚುಕ್ಕೆ. ವಾರಕ್ಕೊಂದು ಗುಣದ ಮೇಲೆ ವಿಶೇಷ ಗಮನ, ಹಾಗಾಗಿ ವರ್ಷಕ್ಕೆ ನಾಲ್ಕು ಸುತ್ತು. ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಕಾಗದವೇ ತೂತಾಗಿ, ಕೊನೆಗೆ ದಂತದ ಹಾಳೆಗಳಿಗೆ ಬದಲಾಯಿಸಿಕೊಂಡನಂತೆ. ಪಾಪ, ಅವನಿಗೂ ಚುಕ್ಕೆಗಳ ಕಾಟ ಇತ್ತು ಅಂತ ಸಮಾಧಾನ.

"ಬಿಡಬೇಕಾದ ಅಭ್ಯಾಸ" ಅನ್ನುವ ವಿಭಾಗವನ್ನಂತೂ ಮುಟ್ಟಬೇಡಿ. ಅದರಲ್ಲಿ ಏನೂ ಒತ್ತದಿದ್ದರೆ ಆ ದಿನ ಗೆದ್ದಂತೆ, ತಾನಾಗಿಯೇ ಹಸಿರು! "ಹಾಸಿಗೆಯಲ್ಲಿ ಫೋನ್ ನೋಡಬಾರದು" ಅಂತ ಹಾಕಿ ಮರೆತೇಬಿಟ್ಟಿದ್ದೆ, ತಿಂಗಳ ವರದಿಯಲ್ಲಿ ನೂರಕ್ಕೆ ನೂರು. ಆ ವರದಿಯನ್ನು ನೋಡಿದ್ದೂ ಹಾಸಿಗೆಯಲ್ಲೇ. ಈಗ ಅದೇ ಗುರಿಯನ್ನು "ಹಲ್ಲುಜ್ಜಿದ ಕೂಡಲೇ ಫೋನನ್ನು ಹಾಲ್‌ನಲ್ಲಿ ಚಾರ್ಜಿಗೆ ಹಾಕುವುದು" ಅಂತ ಬರೆದಿದ್ದೇನೆ, ನಡೆಯುತ್ತಿದೆ. ಸ್ವೀಡನ್‌ನಲ್ಲಿ 1,066 ಜನರ ಹೊಸ ವರ್ಷದ ಸಂಕಲ್ಪಗಳನ್ನು ಹಿಂಬಾಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, "ಮಾಡುತ್ತೇನೆ" ಅಂದವರಲ್ಲಿ 58.9% ಜನ, "ಬಿಡುತ್ತೇನೆ" ಅಂದವರಲ್ಲಿ 47.1% ಜನ ಒಂದು ವರ್ಷದ ನಂತರ ಗೆದ್ದೆವು ಅಂದಿದ್ದರು. ಆ್ಯಪ್ ಮಾಡಿದವರು ಇದನ್ನು ಓದಿದ್ದರೆ ಆ ವಿಭಾಗವನ್ನೇ ತೆಗೆಯುತ್ತಿದ್ದರೇನೋ.

ಕಳೆದ ವರ್ಷ ಫೋನ್ ಬದಲಾಯಿಸಿದಾಗ ಬ್ಯಾಕಪ್‌ನಿಂದ ಟಿಕ್‌ಗಳೆಲ್ಲ ಬಂದವು, ಟಿಪ್ಪಣಿಗಳು ಬರಲಿಲ್ಲ. ಮೂರು ಮೇಲ್ ಹಾಕಿದ ಮೇಲೆ ಬಂದ ಉತ್ತರ, "ನಿಮ್ಮ ಸ್ಟ್ರೀಕ್ ಸುರಕ್ಷಿತವಾಗಿದೆ." ಅಂದಿನಿಂದ ತಿಂಗಳಿಗೊಮ್ಮೆ ಟಿಪ್ಪಣಿಗಳನ್ನು ಫೈಲ್ ಮಾಡಿ ಬೇರೆ ಕಡೆ ಇಡುತ್ತೇನೆ.

ಐದಕ್ಕೆ ಮೂರು ಸ್ಟಾರ್. 2026ಕ್ಕೆ ಎರಡೇ ಗುರಿ, ಎರಡಕ್ಕೂ ಒಂದೇ ಬಣ್ಣ. ವರ್ಷದ ಚಂದಾ ಪ್ರತಿ ಸಲ ಜನವರಿ ಮೊದಲ ವಾರ, ಉತ್ಸಾಹ ನೆತ್ತಿಗೇರಿರುವಾಗಲೇ ಕಟ್ ಆಗುತ್ತದೆ. ಈ ಬಾರಿ ಆಟೋ ರಿನ್ಯೂವಲ್ ಆಫ್ ಮಾಡಿದ್ದೇನೆ. ಮಾರ್ಚ್‌ನಲ್ಲಿ ಬೇಕೆನಿಸಿದರೆ ಆಗ ಕಟ್ಟಿದರಾಯಿತು.