ತಾರಸಿಯ ಮೇಲಿನ ಎಡಿಎಸ್-ಬಿ ರಿಸೀವರ್: ನಾಲ್ಕು ಮಳೆಗಾಲ ಕಳೆದ ಮೇಲೆ

ವಿಮಾನ ತಾನೆಲ್ಲಿದ್ದೇನೆಂದು ರೇಡಿಯೊದಲ್ಲಿ ತಾನೇ ಸಾರುವ ವ್ಯವಸ್ಥೆಗೆ ಎಡಿಎಸ್-ಬಿ ಎಂದು ಹೆಸರು; ಅದನ್ನು ಹಿಡಿದು ವಿಮಾನಗಳನ್ನು ನಕ್ಷೆಯಲ್ಲಿ ತೋರಿಸುವುದು ಈ ರಿಸೀವರಿನ ಕೆಲಸ. ಸರಂಜಾಮು ಇಷ್ಟೇ: ಆರ್‌ಟಿಎಲ್2832ಯು ಚಿಪ್ಪು ಮತ್ತು ಆರ್820ಟಿ2 ಟ್ಯೂನರ್ ಇರುವ ಯುಎಸ್‌ಬಿ ಡಾಂಗಲ್, ರಾಸ್ಪ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರ್, ಒಂದು ಆಂಟೆನಾ, ಹತ್ತು ಮೀಟರ್ ಕೇಬಲ್. ಜಾಗ ಬೆಂಗಳೂರು, ಮೂರಂತಸ್ತಿನ ಮನೆಯ ತಾರಸಿ. ಡಾಂಗಲ್ ಹುಟ್ಟಿದ್ದು ಟಿವಿ ನೋಡಲು. ವಿಮಾನಗಳು 1090 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ ಸುಮಾರು ಎರಡು ಸಲ ಸಾರುವ ತಮ್ಮ ಸ್ಥಾನವನ್ನೂ ಅದು ಚೆನ್ನಾಗಿಯೇ ಹಿಡಿಯುತ್ತದೆ. ಅಂಕ ಕೊಡುವುದಾದರೆ ಡಾಂಗಲ್‌ಗೆ ಐದಕ್ಕೆ ನಾಲ್ಕೂವರೆ, ಅದರ ಜೊತೆ ಪೆಟ್ಟಿಗೆಯಲ್ಲಿ ಬಂದ ಅಯಸ್ಕಾಂತದ ಪುಟ್ಟ ಆಂಟೆನಾಗೆ ಒಂದು.

ಹೊಸದಾಗಿ ಕೊಳ್ಳುವವರು ದುಬಾರಿ ಡಾಂಗಲ್ ಹುಡುಕುತ್ತಾರೆ. ಆ ದುಡ್ಡು ಪೈಪಿಗೂ ಕ್ಲಾಂಪಿಗೂ ಹೋಗಲಿ. ಈ ಅಲೆಗಳು ನೇರ ದೃಷ್ಟಿಯಲ್ಲೇ ಬರಬೇಕು. 35,000 ಅಡಿಯಲ್ಲಿರುವ ವಿಮಾನ, ಅಡ್ಡ ಏನೂ ಇಲ್ಲದಿದ್ದರೆ, 400 ಕಿ.ಮೀ. ಆಚೆಗೂ ಸಿಗುತ್ತದೆ. ಅಂದರೆ ಪೂರ್ವಕ್ಕೆ ಚೆನ್ನೈ ದಾಟಿ ಬಂಗಾಳ ಕೊಲ್ಲಿ, ಪಶ್ಚಿಮಕ್ಕೆ ಮಂಗಳೂರು ದಾಟಿ ಅರಬ್ಬಿ ಸಮುದ್ರ. ಅದೇ ಡಾಂಗಲನ್ನು ಕಿಟಕಿಯ ಒಳಗಿಟ್ಟರೆ ಕಿಟಕಿ ಎತ್ತ ನೋಡುತ್ತದೋ ಅತ್ತ ಮಾತ್ರ ಆಕಾಶ, ಉಳಿದದ್ದಕ್ಕೆ ಗೋಡೆ. ತಾರಸಿಯಲ್ಲೂ ನೀರಿನ ಟ್ಯಾಂಕಿನ ಪಕ್ಕ ನಿಲ್ಲಿಸಿದರೆ ಆ ದಿಕ್ಕು ಹೋಯಿತೆಂದೇ ಲೆಕ್ಕ. ತುಂಬಿದ ಟ್ಯಾಂಕು ಈ ಆವರ್ತನಕ್ಕೆ ಗೋಡೆಗಿಂತ ಕಡೆ. ಟ್ಯಾಂಕಿಗಿಂತ ಒಂದು ಮೀಟರ್ ಮೇಲೆ ಹೋಗಲೇಬೇಕು.

ಆಂಟೆನಾವನ್ನು ಮನೆಯಲ್ಲೇ ಮಾಡಬಹುದು. 1090 ಮೆಗಾಹರ್ಟ್ಸ್ ಅಲೆಯ ಕಾಲು ಭಾಗ 69 ಮಿ.ಮೀ. ಅಷ್ಟುದ್ದದ ಒಂದು ತಾಮ್ರದ ಕಡ್ಡಿ ನೆಟ್ಟಗೆ ಮೇಲಕ್ಕೆ, ಅಷ್ಟೇ ಉದ್ದದ ನಾಲ್ಕು ಕಡ್ಡಿ ಬುಡದಿಂದ 45 ಡಿಗ್ರಿ ಕೆಳಕ್ಕೆ ಬಾಗಿಸಿ ಬೆಸುಗೆ. ಎರಡು ಮೂರು ಮಿ.ಮೀ. ಹೆಚ್ಚುಕಮ್ಮಿಯಾದರೆ ಆಕಾಶ ಬೀಳುವುದಿಲ್ಲ. ಹಲವು ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿದ ಉದ್ದುದ್ದ ಕೊಲಿನಿಯರ್ ಆಂಟೆನಾಗಳು ದೂರವನ್ನು ಹೆಚ್ಚಿಸುತ್ತವೆ ನಿಜ, ಆದರೆ ನೆತ್ತಿಯ ಮೇಲೆ ಹೋಗುವ ವಿಮಾನವನ್ನೇ ಬಿಟ್ಟುಬಿಡುತ್ತವೆ. ಕ್ಯಾಮೆರಾ ಹಿಡಿದವರಿಗೆ ಬೇಕಾದದ್ದು ಆ ನೆತ್ತಿಯ ವಿಮಾನವೇ.

ಕೇಬಲ್ ವಿಷಯದಲ್ಲಿ ಅಂಗಡಿಯವರ ಮಾತು ಕೇಳಬೇಡಿ. ತೆಳ್ಳಗಿನ ಆರ್‌ಜಿ-58 ಹತ್ತು ಮೀಟರಿಗೆ ಆರು ಡೆಸಿಬೆಲ್‌ಗಿಂತ ಹೆಚ್ಚು ತಿನ್ನುತ್ತದೆ, ಅಂದರೆ ಮುಕ್ಕಾಲು ಪಾಲು ಸಿಗ್ನಲ್ ದಾರಿಯಲ್ಲೇ ಖರ್ಚು. ಸಾಮಾನ್ಯ ಡಿಶ್ ಕೇಬಲ್ ಆರ್‌ಜಿ-6 ತಿನ್ನುವುದು ಎರಡು ಡೆಸಿಬೆಲ್ ಆಸುಪಾಸು. ಅದು 75 ಓಮ್, ಡಾಂಗಲ್ 50 ಓಮ್ ಎಂದು ತಕರಾರು ತೆಗೆಯುವವರಿದ್ದಾರೆ. ಅದರಿಂದಾಗುವ ನಷ್ಟ ಲೆಕ್ಕಕ್ಕಿಲ್ಲ. ಎಫ್ ಕನೆಕ್ಟರಿನಿಂದ ಎಸ್‌ಎಂಎಗೆ ಒಂದು ಅಡಾಪ್ಟರ್ ಸಾಕು.

ಸಂಕೇತ ಬಿಡಿಸುವ ತಂತ್ರಾಂಶ ರೀಡ್‌ಎಸ್‌ಬಿ, ನಕ್ಷೆಗೆ ಟಾರ್1090. ಹಾಕಿ ಮರೆತುಬಿಡುವಂಥವು. ಗೇನ್, ಅಂದರೆ ಡಾಂಗಲ್ ಸಂಕೇತವನ್ನು ಹಿಗ್ಗಿಸುವ ಪ್ರಮಾಣ, ಮಾತ್ರ ಕೈಯಾರೆ ನೋಡಬೇಕು. ಗರಿಷ್ಠ 49.6ಕ್ಕೆ ಇಟ್ಟರೆ ಹತ್ತಿರದ ವಿಮಾನಗಳ ಜೋರು ಸಂಕೇತ ಡಾಂಗಲನ್ನು ಕಿವುಡು ಮಾಡುತ್ತದೆ. ಮೈನಸ್ 3 ಡೆಸಿಬೆಲ್‌ಗಿಂತ ಜೋರಾದ ಸಂದೇಶಗಳು ಶೇ. 5ರೊಳಗೆ ಬರುವವರೆಗೆ ಒಂದೊಂದೇ ಮೆಟ್ಟಿಲು ಇಳಿಸಿ. ಅಷ್ಟಾದರೂ ದೂರ ಸಿಗದಿದ್ದರೆ ಪಕ್ಕದ ಬೀದಿಯಲ್ಲಿ ಮೊಬೈಲ್ ಟವರ್ ಇದೆಯೇ ನೋಡಿ. 900 ಮೆಗಾಹರ್ಟ್ಸ್ ಬ್ಯಾಂಡಿನ ಟವರಿಗೆ 1090ರ ಫಿಲ್ಟರೇ ಮದ್ದು, ಆಂಪ್ಲಿಫೈಯರ್ ಅಲ್ಲ. ಆಂಪ್ಲಿಫೈಯರ್ ಟವರಿನ ಗದ್ದಲವನ್ನೂ ಹಿಗ್ಗಿಸುತ್ತದೆ.

ವಿಮಾನಗಳನ್ನು ಕಾದು ನೋಡಿ ಫೋಟೊ ತೆಗೆಯುವ ಸ್ಪಾಟಿಂಗಿಗೆ ಇದರಿಂದ ಆಗುವ ಉಪಯೋಗ ಎತ್ತರದ ಅಂಕಿಯಲ್ಲಿದೆ, ಹೊಸಬರು ಎಡವುವುದೂ ಅಲ್ಲೇ. ವಿಮಾನ ಕಳಿಸುವುದು 1013.25 ಹೆಕ್ಟೋಪಾಸ್ಕಲ್ ಒತ್ತಡವನ್ನು ಆಧಾರವಾಗಿಟ್ಟ ಎತ್ತರ, ನೆಲದಿಂದ ಅಳೆದದ್ದಲ್ಲ. ಕೆಂಪೇಗೌಡ ವಿಮಾನ ನಿಲ್ದಾಣವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಹಾಗಾಗಿ ನಕ್ಷೆಯಲ್ಲಿ 3,100 ಎಂದು ಕಂಡರೆ ಚಕ್ರ ರನ್‌ವೇಗೆ ತಾಗುವ ಹೊತ್ತು. ಮಳೆಗಾಲದಲ್ಲಿ ಒತ್ತಡ ಇಳಿದಾಗ ಒಂದೊಂದು ಹೆಕ್ಟೋಪಾಸ್ಕಲ್‌ಗೆ ಸುಮಾರು 30 ಅಡಿಯಂತೆ ಅಂಕಿ ಮೇಲಕ್ಕೆ ಜಾರುತ್ತದೆ. ಇಳಿಜಾರು ಮೂರು ಡಿಗ್ರಿ, ಅಂದರೆ ಒಂದು ನಾಟಿಕಲ್ ಮೈಲಿಗೆ ಸುಮಾರು 300 ಅಡಿ ಇಳಿತ. 4,500 ಅಡಿ ತೋರಿಸಿದರೆ ಐದು ಮೈಲಿ ಬಾಕಿ, 140 ನಾಟ್ ವೇಗದಲ್ಲಿ ಎರಡು ನಿಮಿಷ ಚಿಲ್ಲರೆ. ಲೆನ್ಸಿನ ಮುಚ್ಚಳ ತೆಗೆದು ಶಟರ್ ಹೊಂದಿಸಲು ಅಷ್ಟು ಸಾಕು.

ವಿಮಾನ ಇಳಿಯುವ ದಿಕ್ಕನ್ನೂ ನಕ್ಷೆ ಮುಂಚೆಯೇ ಹೇಳುತ್ತದೆ. ಮುಂಗಾರಿನ ಪಡುವಣ ಗಾಳಿಗೆ ಪಶ್ಚಿಮಕ್ಕೆ ಮುಖಮಾಡಿದ 27 ಸಂಖ್ಯೆಯ ರನ್‌ವೇ ಬಳಕೆ, ವಿಮಾನಗಳು ಪೂರ್ವದಿಂದ ಇಳಿಯುತ್ತವೆ. ಚಳಿಗಾಲದ ಮೂಡಣ ಗಾಳಿಗೆ ಪೂರ್ವಕ್ಕೆ ಮುಖಮಾಡಿದ 09, ಪಶ್ಚಿಮದಿಂದ. ನಕ್ಷೆಯಲ್ಲಿ ಎರಡು ವಿಮಾನ ಹಿಂದೆ ಬಿಟ್ಟ ಜಾಡಿನ ಗೆರೆ ನೋಡಿದರೆ ಎಲ್ಲಿ ನಿಲ್ಲಬೇಕೆಂದು ಗೊತ್ತಾಗುತ್ತದೆ. ನಗರದೊಳಗಿನ ತಾರಸಿಗೆ ನಿಲ್ದಾಣದ ನೆಲದ ಮೇಲಿನ ವಿಮಾನ ಕಾಣುವುದಿಲ್ಲ, ಅದನ್ನು ದೋಷವೆಂದು ಬರೆಯುವುದು ಅನ್ಯಾಯ.

ಪ್ರತಿ ವಿಮಾನಕ್ಕೂ ಅದು ನೋಂದಣಿಯಾದ ದೇಶ ಕೊಡುವ ಗುರುತು ಸಂಖ್ಯೆಯಾದ ಹೆಕ್ಸ್ ಕೋಡ್ ಓದುವ ಅಭ್ಯಾಸ ಮಾಡಿಕೊಳ್ಳಿ. ಭಾರತದ್ದು 800000ದಿಂದ 83ಎಫ್ಎಫ್ಎಫ್ಎಫ್‌ವರೆಗೆ. ನಮ್ಮ ದೇಶದ ವಿಮಾನ ಕಂಪನಿಯ, ಹಾರಾಟವನ್ನು ರೇಡಿಯೊದಲ್ಲಿ ಕರೆಯುವ ಹೆಸರಾದ ಕಾಲ್‌ಸೈನ್ ಇದ್ದು ಹೆಕ್ಸ್ ಬೇರೆ ದೇಶದ್ದಾಗಿದ್ದರೆ ಅದು ಬಾಡಿಗೆಗೆ ತಂದ ವಿಮಾನವಿರಬಹುದು. ಅಂಥದ್ದಕ್ಕೆ ಎದ್ದು ಹೋಗಬೇಕು. ಟಿಕೆಟ್ಟಿನ ಫ್ಲೈಟ್ ಸಂಖ್ಯೆ ಮತ್ತು ಕಾಲ್‌ಸೈನ್ ಒಂದೇ ಇರಬೇಕೆಂದಿಲ್ಲ. ಫೆಬ್ರವರಿಯ ಏರೋ ಇಂಡಿಯಾ ವೇಳೆ ಯಲಹಂಕದ ಯುದ್ಧವಿಮಾನಗಳು ನಕ್ಷೆಗೆ ಬರುತ್ತವೆಂದು ಕಾಯಬೇಡಿ. ಬಂದರೆ ಪಟ್ಟಿಯಲ್ಲಿ ಹೆಕ್ಸ್ ಮತ್ತು ಎತ್ತರ ಮಾತ್ರ. ಸ್ಥಾನ ಕಳಿಸದ ವಿಮಾನವನ್ನು ಎಂಲ್ಯಾಟ್ (ಸಂಕೇತ ಬೇರೆ ಬೇರೆ ರಿಸೀವರಿಗೆ ತಲುಪಿದ ಸಮಯದ ವ್ಯತ್ಯಾಸ) ಲೆಕ್ಕದಿಂದ ಹಿಡಿಯಲು ಕನಿಷ್ಠ ನಾಲ್ಕು ರಿಸೀವರು ಒಂದೇ ಸಂಕೇತ ಕೇಳಿರಬೇಕು, ನಿಮ್ಮ ಆಂಟೆನಾದ ಅಕ್ಷಾಂಶ ರೇಖಾಂಶ ಐದು ದಶಮಾಂಶದವರೆಗೆ ಸರಿಯಿರಬೇಕು. ಇನ್ನು ತುರ್ತು ಸ್ಥಿತಿಯ ಸಂಕೇತ 7700 ಕಂಡ ಕೂಡಲೇ ವಾಟ್ಸಾಪ್ ಗುಂಪಿಗೆ ಸ್ಕ್ರೀನ್‌ಶಾಟ್ ಎಸೆಯುವವರಿಗೆ ನಮಸ್ಕಾರ.

ರಿಸೀವರ್ ಹಿಡಿದ ಮಾಹಿತಿಯನ್ನು ವಿಮಾನ ತೋರಿಸುವ ಜಾಲತಾಣಗಳಿಗೆ ಕಳಿಸಿದರೆ, ಅಂದರೆ ಫೀಡ್ ಕೊಟ್ಟರೆ, ಫ್ಲೈಟ್‌ರಾಡಾರ್24 ತನ್ನ ಬಿಸಿನೆಸ್ ಚಂದಾ, ಫ್ಲೈಟ್‌ಅವೇರ್ ಎಂಟರ್‌ಪ್ರೈಸ್ ಖಾತೆ ಉಚಿತವಾಗಿ ಕೊಡುತ್ತವೆ. ಆ ಆಸೆಗಾದರೂ ರಿಸೀವರ್ ಸದಾ ಚಾಲೂ ಇರಬೇಕು, ಕಷ್ಟ ಶುರುವಾಗುವುದು ಅಲ್ಲಿಂದ. ಕರೆಂಟು ಹೋಗಿ ಬಂದಾಗಲೆಲ್ಲ ಮೆಮೊರಿ ಕಾರ್ಡ್ ಕೆಡುವ ಸಂಭವ. ಲಾಗ್‌ಗಳನ್ನು ರ‍್ಯಾಮಿಗೆ ತಿರುಗಿಸಿ, ಕಾರ್ಡಿನ ಪ್ರತಿ ಒಂದನ್ನು ತೆಗೆದಿಡಿ. ಫೋನ್ ಚಾರ್ಜರ್ ಬೇಡ. ಪೈ 3ಕ್ಕೆ 5.1 ವೋಲ್ಟ್, 2.5 ಆಂಪಿಯರ್ ಅಡಾಪ್ಟರೇ ಬೇಕು. ವೋಲ್ಟೇಜ್ ಕುಸಿದಾಗ ಪೈ ಎದ್ದಿರುತ್ತದೆ, ಡಾಂಗಲ್ ಮಾತ್ರ ಮಾಯ.

ಮಳೆ ಡಾಂಗಲ್ಲನ್ನು ಕೊಲ್ಲುವುದಿಲ್ಲ, ಕನೆಕ್ಟರನ್ನು ಕೊಲ್ಲುತ್ತದೆ. ಒಂದು ಹನಿ ಒಳಹೊಕ್ಕರೆ ಕೇಬಲಿನ ಹೆಣಿಗೆಯುದ್ದಕ್ಕೂ ಇಳಿಯುತ್ತದೆ, ವ್ಯಾಪ್ತಿ ವಾರವಾರಕ್ಕೆ ಕುಗ್ಗುತ್ತದೆ, ಕಾರಣ ಹೊಳೆಯುವುದೇ ಇಲ್ಲ. ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸುವ ಹಾಗೆ ಸುತ್ತಿ. ಅದರ ಮೇಲೆ ಬಿಸಿಲು ತಡೆಯುವ ಟೇಪು. ವಿನೆಗರ್ ವಾಸನೆಯ ಸಿಲಿಕಾನ್ ಬಳಿಯಬೇಡಿ, ತಾಮ್ರವನ್ನು ತಿಂದುಹಾಕುತ್ತದೆ. ಗೋಡೆಯೊಳಗೆ ಹೋಗುವ ಮುನ್ನ ಕೇಬಲನ್ನು ಒಮ್ಮೆ ಕೆಳಗೆ ಜೋತುಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ. ಟೇಪು ಎರಡು ವರ್ಷಕ್ಕೊಮ್ಮೆ ಹೊಸದು, ಮಾರ್ಚ್ ಮುಗಿಯುವುದರೊಳಗೆ. ಏಪ್ರಿಲ್ ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಮೋಡ ಕಟ್ಟುವ ಮೊದಲೇ ಕೇಬಲ್ ಬಿಚ್ಚಿಡಿ; ಗುಡುಗು ಶುರುವಾದ ಮೇಲೆ ಅದನ್ನು ಮುಟ್ಟಲು ಹೋಗಬೇಡಿ.