ಬೆಳಕು ಜೋರಾಗಿದೆ ಅಂತ ಲೈಟ್ ಟ್ರ್ಯಾಪ್ ಕೊಳ್ಳಬೇಡಿ

ಮುಧೋಳದ ಹತ್ತಿರ ನಮ್ಮದು ಮೂರು ಎಕರೆ ಕಬ್ಬು. ಹೋದ ವರ್ಷ ರೋಹಿಣಿ ಮಳೆಗೆ ಮುಂಚೆ ಮಣ್ಣಲ್ಲಿದ್ದು ಬೇರು ತಿನ್ನುವ ಗೊಣ್ಣೆ ಹುಳುವಿನ ಕಾಟಕ್ಕೆ ಅಂತ, ಹುಳಗಳನ್ನು ಬೆಳಕಿಗೆ ಸೆಳೆದು ಕೆಳಗಿನ ಬೋಗುಣಿಗೆ ಬೀಳಿಸುವ ಸೋಲಾರ್ ಲೈಟ್ ಟ್ರ್ಯಾಪ್ ತಂದೆ. ಅಂಗಡಿಯವನು ಹಚ್ಚಿ ತೋರಿಸಿದ. ಕಣ್ಣು ಕುಕ್ಕುವ ಬಿಳಿ ಬೆಳಕು. 'ಊರಿನ ಹುಳ ಎಲ್ಲಾ ಇಲ್ಲಿಗೇ ಬರ್ತಾವ್ರೀ' ಅಂದ. 3,200 ರೂಪಾಯಿ ಎಣಿಸಿಕೊಟ್ಟೆ.

ಬಂದವು, ಸುಳ್ಳಲ್ಲ. ಬಲೆಗೆ ಮಾತ್ರ ಬೀಳಲಿಲ್ಲ.

ಮೊದಲ ಮಳೆಯ ಸಂಜೆ ಏಳೂವರೆಗೆ ಟಾರ್ಚ್ ಹಿಡಿದು ಹೋದೆ. ಗೊಣ್ಣೆ ಹುಳು ಬೆಳೆದು ಆಗುವ ಕಂದು ದುಂಬಿಗಳು ಬುರ್ ಅಂತ ಬಂದು, ಬಲ್ಬು ಸುತ್ತಿ, ಬೋಗುಣಿಯ ಆಚೆ ನೆಲಕ್ಕೆ ಉದುರುತ್ತಿದ್ದವು. ಬಲ್ಬಿನ ಸುತ್ತ ನೆಟ್ಟಗೆ ನಿಂತ ಪಟ್ಟಿಗಳಿರಬೇಕು. ಅದಕ್ಕೆ ಡಿಕ್ಕಿ ಹೊಡೆದರೆ ತಾನೇ ಹುಳ ಸೀದಾ ಕೆಳಗೆ ಬೀಳೋದು? ಇದರಲ್ಲಿ ಪಟ್ಟಿಯೂ ಇಲ್ಲ, ಲಾಳಿಕೆಯೂ ಇಲ್ಲ. ಮೇಲೆ ಮುಚ್ಚಳ ಇಲ್ಲದ್ದಕ್ಕೆ ಬೋಗುಣಿ ತುಂಬಿ, ಹಾಕಿದ ಸಾಬೂನು ನೀರು ಹರಿದುಹೋಗಿತ್ತು. ಒಳಗೆ ಬಿದ್ದ ನಾಲ್ಕೈದು ದುಂಬಿಗಳೂ ಅಂಚು ಹತ್ತಿ ಆರಾಮಾಗಿ ನಡೆದುಹೋದವು. ನಾನು ನೋಡ್ತಾ ನಿಂತಿದ್ದೆ!

ಇನ್ನೊಂದು ತಪ್ಪು, ಅದು ಬೆಳಗಿನವರೆಗೂ ಉರಿಯುತ್ತಿತ್ತು. ಈ ದುಂಬಿಗಳ ಹಾರಾಟವೆಲ್ಲ ಕತ್ತಲಾದ ಮೊದಲ ಎರಡು-ಮೂರು ತಾಸು. ಆಮೇಲೆ ಉರಿದರೆ ಬೆಳೆಯ ಸಸ್ಯಹೇನು ತಿನ್ನುವ ಕ್ರೈಸೊಪರ್ಲಾದಂಥ ನಮ್ಮ ಉಪಕಾರಿ ಹುಳಗಳೇ ಜಾಸ್ತಿ ಸಾಯೋದು.

ಆಗಸ್ಟಿನಲ್ಲಿ ಕಬ್ಬು ಹಳದಿಯಾಯಿತು. ಎಲ್ಲಿ ಗೊತ್ತಾ? ಟ್ರ್ಯಾಪ್ ಕಂಬದ ಸುತ್ತ, ದುಂಡಗೆ. ಎಳೆದರೆ ಬುಡ ಸಮೇತ ಕೈಗೆ ಬಂತು. ಅಗೆದೆ, ಒಂದೇ ಬುಡದಲ್ಲಿ ಆರು ಬಿಳಿ ಗೊಣ್ಣೆ ಹುಳು, ಕುಡುಗೋಲಿನಂತೆ ಬಾಗಿ ಮಲಗಿದ್ದವು. ನೆಲಕ್ಕೆ ಉದುರಿದ ದುಂಬಿ ಅಲ್ಲೇ ಮಣ್ಣಿಗಿಳಿದು ಮೊಟ್ಟೆ ಇಟ್ಟಿತ್ತು. ಅಂದರೆ ನಾನೇ ದುಡ್ಡು ಕೊಟ್ಟು, ದೀಪ ಹಚ್ಚಿ, ಕರೆದು ತಂದಂತಾಯಿತು.

ಕೊಳ್ಳುವವರು ಬಲ್ಬಿನ ಬಣ್ಣ ಕೇಳಿ. ಹುಳದ ಕಣ್ಣಿಗೆ ಚೆನ್ನಾಗಿ ಕಾಣೋದು ನೇರಳಾತೀತ ಬೆಳಕು. ನಮಗದು ಮಂಕು ನೀಲಿ, ಅಂಗಡಿಯಲ್ಲಿ ಚೆಂದ ಕಾಣಲ್ಲ. ಬಿಳಿ ಎಲ್‌ಇಡಿಯಲ್ಲಿ ಅದು ಇಲ್ಲ ಅನ್ನುವಷ್ಟು ಕಡಿಮೆ. ಪಟ್ಟಿ, ಲಾಳಿಕೆ, ಮುಚ್ಚಳ, ತಾಸು ಹೊಂದಿಸುವ ಟೈಮರ್, ಇವಿಲ್ಲದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಹೊಲದ ನಡುವೆ ನೆಡಲೂಬೇಡಿ, ಒಡ್ಡಿನ ಬೇವಿನ ಮರದ ಹತ್ತಿರ ಇಡಿ. ದುಂಬಿಗಳು ಎಲೆ ತಿನ್ನಲು ಕೂರೋದು ಅಲ್ಲೇ.

ಈ ವರ್ಷ ಮಳೆಯಾದ ಮರುದಿನದಿಂದ ಸಂಜೆ ಬೇವಿನ ಟೊಂಗೆ ಜಾಡಿಸಿ, ಕೆಳಗೆ ತಾಡಪತ್ರಿ ಹಾಸಿ, ಬಿದ್ದದ್ದನ್ನು ಸೀಮೆಎಣ್ಣೆ ನೀರಿಗೆ ಹಾಕಿದೆವು. ಮೊದಲ ಸಂಜೆಯೇ ಅರ್ಧ ಬಕೆಟ್. ಆ ಟ್ರ್ಯಾಪ್ ಈಗ ಎಮ್ಮೆ ಕಟ್ಟುವ ಪತ್ರಾಸ್ ಶೆಡ್ಡಿನಲ್ಲಿ ನೇತಾಡುತ್ತಿದೆ. ಹಾಲು ಹಿಂಡಲು ಬೆಳಕು ಚೆನ್ನಾಗಿದೆ.